ಕ್ಲಾರಿಯ ಎದೆನೋವನ್ನು ನಂಬಿದ ಯಂತ್ರಕ್ಕೆ

ಬಿಂಡಾರಾ ಚಿಕಿತ್ಸಾಲಯದ ಫೋನಿನಲ್ಲಿ ಬೇಸರವಿಲ್ಲದೆ ನೆಲೆಸಿರುವ ಮಾತಿನ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮಗೆ ನೆಗಡಿ ಬಾರದಿರಲಿ, ತಮ್ಮ ತಂತಿಗೆ ಇಲಿ ಬಾಯಿ ಹಾಕದಿರಲಿ ಎಂದು ಹಾರೈಸುತ್ತಾ, ಈ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೂತೆದ್ದ ವಿಲ್ಮಾ ಟ್ರೆಗೆನ್ನಾ ಮಾಡಿಕೊಳ್ಳುವ ಅರಿಕೆ.

ಕಳೆದ ಮಂಗಳವಾರ ಬೆಳಿಗ್ಗೆ ನನ್ನ ಪಕ್ಕದ ಮನೆಯ ಕ್ಲಾರಿ ತಮಗೆ ಫೋನು ಮಾಡಿ, "ಎದೆ ಸ್ವಲ್ಪ ಕ್ರೂಕ್ ಆಗಿದೆ ಮಾರಾಯ, ಅಂಥದ್ದೇನಿಲ್ಲ, ಸರಿಹೋಗುತ್ತೆ ಬಿಡು" ಎಂದನಂತೆ. ಕ್ರೂಕ್ ಎಂದರೆ ಕೊಂಚ ಹುಷಾರಿಲ್ಲ ಎಂದಷ್ಟೇ ತಿಳಿದು ತಾವು ನಂಬಿದಿರಿ. ಗಂಡಸಿನ ಮಾತಿಗೆ ಇಷ್ಟು ಬೆಲೆ ಕೊಡುವವರನ್ನು ನಾನು ನನ್ನ ಸಂಸಾರದಲ್ಲೂ ಕಂಡಿಲ್ಲ. ನೀರು ಕುಡಿದು ಮಲಗಲು ಸಲಹೆಯಿತ್ತು, ಮುಂದಿನ ತಿಂಗಳ ಒಂಬತ್ತಕ್ಕೆ ಡಾಕ್ಟರ ಭೇಟಿ ಗೊತ್ತುಮಾಡಿ, ಶುಭದಿನ ಕೋರಿ ಫೋನಿಟ್ಟಿರಿ.

ತಾವು ಹೊಸಬರು, ತಿಳಿಸುವುದು ನನ್ನ ಧರ್ಮ. ಪ್ರವಾಹದಲ್ಲಿ ಅಡುಗೆಮನೆ ಕೊಚ್ಚಿಹೋದಾಗ "ಕೊಂಚ ತೇವ" ಎಂದ ಊರು ಇದು. ಕುರಿಯ ಉಣ್ಣೆ ಕತ್ತರಿಸುವಾಗ ಅರ್ಧ ಬೆರಳು ಹಾರಿದರೆ "ಗೀಚಿತು" ಎಂದವನು ಕ್ಲಾರಿ. ನಮ್ಮಲ್ಲಿ 'ಪರವಾಗಿಲ್ಲ' ಎಂದರೆ ಜ್ವರ, 'ಸ್ವಲ್ಪ ಕ್ರೂಕ್' ಎಂದರೆ ಆಂಬುಲೆನ್ಸ್, 'ಸರಿಹೋಗುತ್ತೆ ಬಿಡು' ಎಂದರೆ ಪಾದ್ರಿಗೂ ಒಂದು ಮಾತು ತಿಳಿಸಿಡುವುದು ಕ್ಷೇಮ. ಇಷ್ಟು ವರ್ಷ ಚಿಕಿತ್ಸಾಲಯದ ಫೋನೆತ್ತುತ್ತಿದ್ದ, ತಮಗೆ ಜಾಗ ಮಾಡಿಕೊಡಲು ಮನೆಗೆ ಕಳುಹಿಸಲಾದ ಡಲ್ಸಿಗೆ ಇದು ಗೊತ್ತಿತ್ತು.

ಅಂದು ತಾವು ಫೋನಿಟ್ಟ ಮೇಲೆ ಕ್ಲಾರಿ ಬೇಲಿಯ ಹತ್ತಿರ ಬಂದು, "ಎರಡು ದಿನ ನಾಯಿ ನೋಡ್ಕೋತೀಯಾ ವಿಲ್?" ಎಂದ. ಹೆಂಡತಿಯ ಕೈಗೂ ನಾಯಿಯ ಸರಪಳಿ ಕೊಡದಿದ್ದವನು! ಅವನನ್ನು ಗಾಡಿಗೆ ತಳ್ಳಿ ತೊಂಬತ್ತು ಕಿಲೋಮೀಟರ್ ದೂರದ ದೊಡ್ಡಾಸ್ಪತ್ರೆಗೆ ಓಡಿಸಿದೆ. ದಾರಿಯುದ್ದಕ್ಕೂ ನಾನು ಗೇರು ಹಾಕುವ ರೀತಿಯನ್ನು ಬೈಯುತ್ತಿದ್ದ. ಬೈಗುಳ ನಿಂತಾಗ ನನಗೆ ಅಳು ಬಂತು. ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಆದಕಾರಣ ತಾವು ಒಂದು ವರ್ಷ ನಮ್ಮ ಪಬ್ಬಿನ ಮೂಲೆಯಲ್ಲಿ ಕೂತು, ಈ ಊರಿನವರು ನೋವನ್ನು ಬಚ್ಚಿಡುವ ಕ್ರಮವನ್ನು ಅಭ್ಯಾಸ ಮಾಡಬೇಕು. ಅದು ತಮ್ಮ ಘನತೆಗೆ ಕುಂದಾದರೆ, ಡಲ್ಸಿಯನ್ನು ಮರಳಿ ಕರೆಸಿ, ಆಕೆಗೆ ಚಹಾ ಮಾಡಿಕೊಡುವ ಕೆಲಸವನ್ನಾದರೂ ಒಪ್ಪಿಕೊಳ್ಳಬೇಕು.

ತಮ್ಮ ನಂಬಿಕೆಯನ್ನು ನಂಬಲಾರದ ತಮ್ಮ ವಿಶ್ವಾಸಿ,
ವಿಲ್ಮಾ ಟ್ರೆಗೆನ್ನಾ

ಬರೆಯಲು ಮರೆತದ್ದು: ನಿನ್ನೆ ಆಸ್ಪತ್ರೆಯಲ್ಲಿ ಕ್ಲಾರಿ ನನ್ನ ಕೈ ಹಿಡಿದು, "ನೀನಿಲ್ದಿದ್ರೆ ಸತ್ತೇ ಹೋಗ್ತಿದ್ದೆ ಕಣೇ" ಎಂದ. ನಲವತ್ತು ವರ್ಷಗಳಲ್ಲಿ ಅವನು ಇದ್ದದ್ದನ್ನು ಇದ್ದಹಾಗೆ ಹೇಳಿದ್ದು ಇದೇ ಮೊದಲು. ಹೆದರಿ ನರ್ಸನ್ನು ಕೂಗಿದೆ. ಅವನು ಹೇಳಿದ್ದನ್ನು ತಿಳಿಸಿದೆ. ಆಕೆ ಈ ಕಡೆಯವಳೇ. ಡಾಕ್ಟರನ್ನು ಕರೆತರಲು ಓಡಿದಳು.