ನಮಗಿಂತ ಮೊದಲೇ ಹೊರಟ ಜೆರ್ಸಿ ಚೀಲ

ಸರಿಯಾಗಿ ಯೋಜನೆ ಹಾಕಿದರೆ ಯಾವ ಕೆಲಸವೂ ಕೆಡುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಸಿದ್ಧಾಂತ ಎಂಬ ಪದವನ್ನು ನಾನು ಸುಮ್ಮನೆ ಬಳಸುತ್ತಿಲ್ಲ. ನಾನು ಓದಿದವನು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ, ಪದವಿ ಹಿಡಿದುಕೊಂಡು ಇಳಿದ ಮೊದಲ ಮನುಷ್ಯ. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ನಾನು ಬಿ.ಇ. ಪಾಸಾದ ದಿನ ಇಡೀ ಗಲ್ಲಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದರು. ಹಂಚುತ್ತಾ, "ಇನ್ನು ನಮ್ಮನ್ಯಾಗೆ ಯಾವ ಕೆಲ್ಸಾನೂ ಕೆಡಲ್ಲ ಬಿಡ್ರಿ, ಹುಡುಗ ಇಂಜಿನಿಯರ್ ಆದ" ಎಂದರು. ಪಾಪ, ಅವರಿಗೆ ಮುಂದೊಂದು ಫುಟ್‌ಬಾಲ್ ಪಂದ್ಯ ಬರುತ್ತದೆಂದು ಗೊತ್ತಿರಲಿಲ್ಲ.

ಈಗ ನಾವಿರುವುದು ಜರ್ಮನಿಯ ಅಬ್‌ಸ್ಟಾಟ್ ಎಂಬ ಸಣ್ಣ ಊರಿನಲ್ಲಿ. ಕಾರುಗಳ ಬ್ರೇಕ್ ಪರೀಕ್ಷೆ ಮಾಡುವುದು ನನ್ನ ಉದ್ಯೋಗ. ಎಷ್ಟೇ ಜೋರಾಗಿ ಬರುವ ಗಾಡಿಯನ್ನೂ ನಿಲ್ಲಿಸಬಲ್ಲೆ. ನನ್ನ ಬಾಯಿ ನಿಲ್ಲಿಸುವ ಬ್ರೇಕ್ ಮಾತ್ರ ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ ಎಂಬುದು ಹೆಂಡತಿ ಸುಮಾಳ ಅಭಿಪ್ರಾಯ.

ನಮ್ಮ ಒಬ್ಬಳೇ ಮಗಳು ಮೇಘಾ ಕಾರ್ಲ್ಸ್‌ರುಹೆಯಲ್ಲಿ ಓದುತ್ತಾಳೆ. ಕಾಲೇಜಿನ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದಲ್ಲಿದ್ದಾಳೆ. ಇದ್ದಾಳೆ ಎಂದರೆ, ಬೆಂಚಿನ ಮೇಲೆ ಇದ್ದಾಳೆ. ಇಡೀ ಸೀಸನ್ ಅವಳು ಕೂತಿದ್ದನ್ನು ನಾವು ಹೋಗಿ ನೋಡಿಬಂದಿದ್ದೆವು. ಅವಳು ಕೂತಿರುವ ಫೋಟೋಗಳು ಎಲ್ಲ ಕೋನಗಳಿಂದಲೂ ನನ್ನ ಬಳಿ ಇವೆ.

ಅಂಥವಳು ಒಂದು ಸಂಜೆ ಫೋನಿನಲ್ಲಿ ಕಿರುಚಿದಳು: "ಅಪ್ಪಾ! ಕೊನ್‌ಸ್ಟಾಂಜ್ ಮ್ಯಾಚ್‌ಗೆ ನಾನು ಫಸ್ಟ್ ಇಲೆವೆನ್‌ನಲ್ಲಿದ್ದೀನಿ!"

ಕೊನ್‌ಸ್ಟಾಂಜ್ ಎಂದರೆ ದಕ್ಷಿಣದ ತುದಿಯಲ್ಲಿ, ಬೋಡೆನ್‌ಸೇ ಎಂಬ ಮಹಾ ಸರೋವರದ ದಡದ ಊರು. ಆ ಕಡೆ ಆಲ್ಪ್ಸ್ ಪರ್ವತ, ಈ ಕಡೆ ದ್ರಾಕ್ಷಿತೋಟ. ಪಂದ್ಯ ಗುರುವಾರ, ಸರಕಾರಿ ರಜೆಯ ದಿನ. ಶುಕ್ರವಾರ ಒಂದು ರಜೆ ಹಾಕಿದರೆ ಭಾನುವಾರದವರೆಗೆ ಪ್ರವಾಸ! ನಮ್ಮಪ್ಪನ ಕಾಲದಲ್ಲಿ ಮನೆಯವರೆಲ್ಲ ಊರು ಬಿಟ್ಟು ಹೋಗುತ್ತಿದ್ದದ್ದು ಮದುವೆಗೆ ಇಲ್ಲವೇ ದೊಡ್ಡಾಸ್ಪತ್ರೆಗೆ. ನಾನು ನೀರು ನೋಡಲೆಂದೇ ಕೋಣೆ ಕಾದಿರಿಸಿದೆ. ಬೆಳಿಗ್ಗೆ ಹೊರಟು, ಮೀರ್ಸ್‌ಬುರ್ಗ್‌ನಲ್ಲಿ ಕಾರನ್ನೇ ಹಡಗಿಗೆ ಹತ್ತಿಸಿ, ಅಲೆಗಳ ಮೇಲೆ ಪುಳಿಯೋಗರೆ ತಿಂದು, ಆಚೆ ದಡದಲ್ಲಿ ಇಳಿದು ಮೈದಾನಕ್ಕೆ. ಮರುದಿನ ಹೂವಿನ ದ್ವೀಪ. ಅದರ ಮರುದಿನ ರೈನ್ ಜಲಪಾತ. ಆಹಾ!

ಮಂಗಳವಾರ ಮೇಘಾ ದೊಡ್ಡದೊಂದು ಚೀಲ ಹೊತ್ತು ಮನೆಗೆ ಬಂದಳು. ಇಲ್ಲಿಯ ತಂಡಗಳಲ್ಲಿ ಎಲ್ಲರ ಜೆರ್ಸಿಗಳನ್ನೂ ಸರದಿಯ ಮೇಲೆ ಒಬ್ಬೊಬ್ಬರು ಮನೆಗೊಯ್ದು ಒಗೆದು ತರಬೇಕು. ಈ ಸಲ ಅವಳ ಸರದಿ. ಹಾಸ್ಟೆಲ್ಲಿನ ವಾಷಿಂಗ್ ಮಷೀನ್ ಕೆಟ್ಟಿತ್ತು.

"ಅಪ್ಪಾ, ಇದು ಜೋಪಾನ. ಹೋದ್ ವರ್ಷ ನಮ್ ಟೀಮಿನ ಲೇನಾ ಜೆರ್ಸಿ ಮರ್ತು ಬಂದಿದ್ಳು. ಟ್ರೇನರ್ ಏನೂ ಬೈಲಿಲ್ಲ."

"ಒಳ್ಳೆಯ ಟ್ರೇನರ್."

"ಸೀಸನ್ ಮುಗಿಯೋವರ್ಗೂ ಆಡ್ಸಲೂ ಇಲ್ಲ."

"ನನ್ನ ಮೇಲೆ ಬಿಡು ಪುಟ್ಟಾ" ಎಂದೆ. ಈ ಮಾತು ನನ್ನ ಬಾಯಿಂದ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ದಿನವೂ ನೋಡಿಕೊಂಡರು.

ಸುಮಾ ಜೆರ್ಸಿಗಳನ್ನು ಒಗೆದು, ಇಸ್ತ್ರಿ ಮಾಡಿ, ಸೀರೆ ಮಡಿಸುವ ಶ್ರದ್ಧೆಯಿಂದ ಮಡಿಸಿ ಚೀಲಕ್ಕೆ ತುಂಬಿದಳು. ಬುಧವಾರ ಸಂಜೆ ಪುಳಿಯೋಗರೆಗೆ ಗೊಜ್ಜು ಕುದಿಸುತ್ತಾ ಇದ್ದಕ್ಕಿದ್ದಂತೆ ಸೌಟು ನಿಲ್ಲಿಸಿದಳು.

"ರೀ, ಕೊನ್‌ಸ್ಟಾಂಜ್ ಯಾವ ದಿಕ್ಕಿಗೆ?"

"ದಕ್ಷಿಣ."

"ನಾಳೆ ಯಾವ ವಾರ?"

"ಗುರುವಾರ."

"ಗುರುವಾರ ದಕ್ಷಿಣಕ್ಕೆ ಶೂಲೆ ಕಣ್ರೀ! ಆ ದಿಕ್ಕಿಗೆ ಹೊರಟ್ರೆ ಹೋದ ಕೆಲ್ಸ ಆಗಲ್ಲ. ಅವಳು ಮೊದ್ಲನೇ ಸಲ ಆಡ್ತಿದಾಳೆ!"

"ಸುಮಾ, ಯುರೋಪಿನಲ್ಲಿ ಶೂಲೆ ಇರಲ್ಲ."

"ಯಾಕೆ, ಇಲ್ಲಿಗೆ ಬರಕ್ಕೆ ಅದಕ್ಕೂ ವೀಸಾ ಬೇಕಾ?"

ಅಂದೇ ಹೊರಡೋಣವೆಂದರೆ ಕೋಣೆ ಸಿಕ್ಕಿದ್ದೇ ಗುರುವಾರದಿಂದ. ಸುಮ್ಮನಿದ್ದಿದ್ದರೆ ಸುಮಾ ಸ್ವಲ್ಪ ಹೊತ್ತು ಗೊಣಗಿ, ದೇವರಿಗೆ ಕೈಮುಗಿದು ಕಾರು ಹತ್ತುತ್ತಿದ್ದಳು. ಆದರೆ ಸಮಸ್ಯೆ ಕಂಡರೆ ಪರಿಹಾರ ಕೊಡುವುದು ಓದಿದವನ ಚಟ. ನನಗೆ ನಮ್ಮಜ್ಜಿ ನೆನಪಾದಳು.

"ಪ್ರಸ್ಥಾನ ಇಡೋಣ!" ಎಂದೆ.

ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಹಿಂದಿನ ದಿನವೇ ಪ್ರಯಾಣದ ಒಂದು ಗಂಟನ್ನು ಹೊಸಲು ದಾಟಿಸಿ ಪಕ್ಕದ ಮನೆಯಲ್ಲಿಡುವುದು. ಆಗ ಪ್ರಯಾಣ ಹಿಂದಿನ ದಿನವೇ ಶುರುವಾದ ಲೆಕ್ಕ. ಮರುದಿನ ಆ ಗಂಟು ಎತ್ತಿಕೊಂಡು ಮುಂದೆ ಹೋದರಾಯಿತು. ಶೂಲೆಗೂ ಬೇಸರವಿಲ್ಲ, ನಮಗೂ ತೊಂದರೆಯಿಲ್ಲ. ಎಂಥ ಚೊಕ್ಕ ಇಂಜಿನಿಯರಿಂಗ್!

ಸುಮಾಳ ಕಣ್ಣಲ್ಲಿ ಬಹಳ ವರ್ಷಗಳ ನಂತರ ಮೆಚ್ಚುಗೆ ಕಂಡಿತು. ಅದರ ಅಮಲಿನಲ್ಲಿ ನಾನು ಇನ್ನೊಂದು ಹೆಜ್ಜೆ ಹೋದೆ. ಯಾವುದೋ ಟವೆಲ್ ಇಟ್ಟರೆ ಸಾಲದು, ಪ್ರಯಾಣದ ಉದ್ದೇಶವೇ ಹೊರಡಬೇಕು ಎಂದು ವಾದಿಸಿ, ಜೆರ್ಸಿ ಚೀಲವನ್ನೇ ಎತ್ತಿದೆ. ಸುಮಾ ಅದರ ಮೇಲೊಂದು ತೆಂಗಿನಕಾಯಿ ಇಟ್ಟಳು. ಮೇಘಾ ಓಟದ ಅಭ್ಯಾಸಕ್ಕೆ ಹೋಗಿದ್ದಳು. ಅವಳಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಎದುರು ಮನೆಯ ಫ್ರೌ ಹೆರ್ಮಾನ್, ಅಂದರೆ ಶ್ರೀಮತಿ ಹೆರ್ಮಾನ್, ನಿವೃತ್ತ ಶಿಕ್ಷಕಿ. ಬಾಗಿಲು ಬಡಿದೆ. ಇರಲಿಲ್ಲ. ಇದ್ದಿದ್ದರೆ ಶೂಲೆಯ, ಅಂದರೆ ಆ ದಿಕ್ಕಿಗೆ ಅಡ್ಡವಿರುವ ತ್ರಿಶೂಲದ ವಿಷಯವನ್ನು ಜರ್ಮನ್ ಭಾಷೆಯಲ್ಲಿ ವಿವರಿಸಬೇಕಿತ್ತಲ್ಲ, ಬಚಾವಾದೆ ಎಂದುಕೊಂಡು ಚೀಲವನ್ನು ಅವರ ಬಾಗಿಲ ಮುಂದಿಟ್ಟು, ಶಿಳ್ಳೆ ಹಾಕುತ್ತಾ ಬಂದೆ.

ಬೆಳಿಗ್ಗೆ ಮೇಘಾ ಕೇಳಿದಳು: "ಅಪ್ಪಾ, ಬ್ಯಾಗ್ ಎಲ್ಲಿ?"

"ಅದು ನಿನ್ನೆಯೇ ಹೊರಟಿತು!" ಎಂದೆ, ಎದೆಯುಬ್ಬಿಸಿ.

ನನ್ನ ಜೀವನದಲ್ಲಿ ನಾನು ನುಡಿದ ಅತ್ಯಂತ ಸತ್ಯವಾದ ಮಾತು ಅದು.

ಎದುರು ಬಾಗಿಲಲ್ಲಿ ಚೀಲವಿರಲಿಲ್ಲ. ಫ್ರೌ ಹೆರ್ಮಾನ್ ನನ್ನ ಕೈ ಹಿಡಿದು ಕುಲುಕಿದರು. "ಎಷ್ಟು ಒಳ್ಳೆಯವರು ನೀವು! ಇಷ್ಟು ವರ್ಷದಲ್ಲಿ ಇಸ್ತ್ರಿ ಮಾಡಿ ಹಳೆಬಟ್ಟೆ ಕೊಟ್ಟವರು ನೀವೇ ಮೊದಲು. ನಿನ್ನೆಯೇ ಒಯ್ದು ಪೆಟ್ಟಿಗೆಗೆ ಹಾಕಿದೆ. ತೆಂಗಿನಕಾಯಿ ನನಗೇ ತಾನೇ? ಕೇಕ್ ಮಾಡುತ್ತೇನೆ."

ಆಗ ಜ್ಞಾನೋದಯವಾಯಿತು. ನಮ್ಮ ಕಟ್ಟಡದ ಎಲ್ಲರೂ ಬಡವರಿಗೆ ಕೊಡುವ ಹಳೆಬಟ್ಟೆಯನ್ನು ಚೀಲದಲ್ಲಿ ತುಂಬಿ ಇಡುವುದು ಫ್ರೌ ಹೆರ್ಮಾನ್ ಬಾಗಿಲಿಗೇ. ಮೇಘಾಳ ಹಳೆಯ ಕೋಟುಗಳನ್ನು ಅದೇ ಜಾಗದಲ್ಲಿ, ಅದೇ ಕೈಯಿಂದ, ಹೋದ ತಿಂಗಳು ಇಟ್ಟು ಬಂದವನು ಯಾರು? ನಾನೇ!

ಹಳೆಬಟ್ಟೆಯ ಪೆಟ್ಟಿಗೆ ಬೀದಿಯ ಕೊನೆಯಲ್ಲಿದೆ. ಆಳೆತ್ತರದ ಕಬ್ಬಿಣದ ಡಬ್ಬ. ಬಟ್ಟೆ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಅದರ ಬೀಗದ ಕೈ ಇರುವ ಸಂಸ್ಥೆಯವರಿಗೆ ಫೋನ್ ಮಾಡಿದರೆ, ರಜೆಯ ಶುಭಾಶಯ ಹೇಳುವ ಯಂತ್ರ. ನಾನು ಮನೆಯಿಂದ ಸುಮಾಳ ಉದ್ದನೆಯ ದೋಸೆ ಮಗುಚುವ ಕೈ ತಂದು, ತೋಳನ್ನು ಭುಜದವರೆಗೆ ಡಬ್ಬದ ಬಾಯಿಗೆ ತುರುಕಿ ಕೆದಕತೊಡಗಿದೆ. ಯಾರದೋ ಪೈಜಾಮ ತಾಗಿತು. ಜೆರ್ಸಿ ತಾಗಲಿಲ್ಲ.

ಆ ದಿನ ಇಲ್ಲಿ ಅಪ್ಪಂದಿರ ದಿನವೂ ಹೌದು. ಅಪ್ಪಂದಿರು ಕೈಗಾಡಿಯಲ್ಲಿ ಬಿಯರ್ ತುಂಬಿಕೊಂಡು, ಹಾಡುತ್ತಾ ಊರು ಸುತ್ತುತ್ತಾರೆ. ಅಂಥದೊಂದು ಮೆರವಣಿಗೆ ನನ್ನ ಹಿಂದೆ ಬಂದು ನಿಂತಿತು.

"ಸಹಾಯ ಬೇಕಾ," ಒಬ್ಬ ಕೇಳಿದ, "ಇಲ್ಲಾ ಪ್ಯಾಂಟ್ ಬೇಕಾ?"

ಅವರು ನಕ್ಕ ಸದ್ದಿಗೆ ಒಂದು ಬಾಲ್ಕನಿ ತೆರೆಯಿತು. ಬಾಲ್ಕನಿ ತೆರೆದರೆ ಇಲ್ಲಿ ಪೊಲೀಸರು ಬರುತ್ತಾರೆ. ಬಂದರು.

"ಏನು ತೆಗೆಯುತ್ತಿದ್ದೀರಿ?" ಎಂದಳು ಒಬ್ಬ ಹೆಣ್ಣು ಅಧಿಕಾರಿ, ಬಹಳ ವಿನಯದಿಂದ.

"ನಮ್ಮ ಪ್ರಯಾಣವನ್ನು" ಎಂದೆ. ಮುಂದೆ ವಿವರಿಸದೆ ವಿಧಿಯಿರಲಿಲ್ಲ. "ಮೇಡಂ, ಗುರುವಾರದಂದು ದಕ್ಷಿಣ ದಿಕ್ಕಿನಲ್ಲಿ ಒಂದು ತ್ರಿಶೂಲ ಇರುತ್ತದೆ."

"ಎಲ್ಲಿ? ಸ್ಟುಟ್‌ಗಾರ್ಟ್ ಹತ್ತಿರವಾ?"

"ಇಡೀ ದಕ್ಷಿಣದಲ್ಲಿ. ಕಾಣಿಸುವುದಿಲ್ಲ. ಆದ್ದರಿಂದ ನಮಗಿಂತ ಮೊದಲು ಚೀಲ ಹೊರಡಬೇಕು."

ಅವಳು ಪೆಟ್ಟಿಗೆಯನ್ನು ನೋಡಿದಳು, ದೋಸೆ ಕೈಯನ್ನು ನೋಡಿದಳು, ನನ್ನನ್ನು ನೋಡಿದಳು. "ಹಾಗಿದ್ದರೆ ಎಲ್ಲ ಸರಿಯಾಗಿಯೇ ಆಗಿದೆಯಲ್ಲ" ಎಂದಳು. "ಚೀಲ ಹೊರಟಿದೆ. ಇನ್ನು ನೀವು ಹೊರಡಿ."

ಮೇಘಾ ಕಾರಿನ ಪಕ್ಕ ನಿಂತಿದ್ದಳು. ಅಳಲಿಲ್ಲ, ಕೂಗಲಿಲ್ಲ. "ಪಾಪಾ, ಐನ್‌ಸ್ಟೈಗನ್" ಎಂದಳು. ಕಾರು ಹತ್ತು, ಅಂತ. ಅವಳು ಅಪ್ಪಾ ಬಿಟ್ಟು ಪಾಪಾ ಎಂದು ಜರ್ಮನ್‌ಗೆ ಇಳಿದರೆ ಪರಿಸ್ಥಿತಿ ಗಂಭೀರ.

"ಟ್ರೇನರ್‌ಗೆ ಏನೂ ಹೇಳ್ಬೇಡ ಪುಟ್ಟಾ! ಹೇಳಿದ್ರೆ ಬೆಂಚು ಗ್ಯಾರಂಟಿ. ನನ್ನ ಮೇಲೆ ಬಿಡು!" ಎನ್ನುತ್ತಾ ನೆಲಮಾಳಿಗೆಗೆ ಓಡಿದೆ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆಂದು ಟೀ ಶರ್ಟ್ ತರಿಸುವ ಹೊಣೆ ಒಮ್ಮೆ ನನ್ನ ಮೇಲಿತ್ತು. ಹಳದಿ ಬಟ್ಟೆ, ಎದೆಯ ಮೇಲೆ ಕೆಂಪಕ್ಷರದಲ್ಲಿ 'ಜೈ ಕರ್ನಾಟಕ'. ಅಳತೆ ಎಲ್ಲರಿಗೂ ಡಬಲ್ ಎಕ್ಸೆಲ್. ಆದ್ದರಿಂದ ಒಂದು ಪೆಟ್ಟಿಗೆ ಪೂರ್ತಿ ಉಳಿದಿತ್ತು. ಅದನ್ನೇ ಡಿಕ್ಕಿಗೆ ಹಾಕಿ, ಧೈರ್ಯಕ್ಕೆ ನಾನೂ ಒಂದು ತೊಟ್ಟುಕೊಂಡೆ.

ರಜೆಯ ದಿನದ ಹೆದ್ದಾರಿ. ಇಡೀ ಜರ್ಮನಿ ಶೂಲೆಯ ಹೆದರಿಕೆಯಿಲ್ಲದೆ ದಕ್ಷಿಣಕ್ಕೆ ಹೊರಟಿತ್ತು. ನಾವು ತೆವಳಿದೆವು. ಹಡಗು ಹತ್ತುವ ಸಮಯ ಯಾವಾಗಲೋ ಮೀರಿತ್ತು, ಸುತ್ತಿಕೊಂಡು ರಸ್ತೆಯಲ್ಲೇ ಹೋದೆವು. ಕೊನೆಗೂ ಸರೋವರ ಕಂಡಾಗ ನಾನು ತಡೆಯಲಾರದೆ, "ನೋಡ್ರೇ, ಎಡಗಡೆ ಬೋಡೆನ್‌ಸೇ!" ಎಂದೆ. ಸುಮಾ ಬಲಗಡೆ ನೋಡಿದಳು. ಮೇಘಾ ಫೋನ್ ನೋಡುತ್ತಿದ್ದಳು. ಪುಳಿಯೋಗರೆಯನ್ನು ಪೆಟ್ರೋಲ್ ಬಂಕಿನಲ್ಲಿ, ಲಾರಿಗಳ ಮಧ್ಯೆ ಮೂರು ದಿಕ್ಕಿಗೆ ಮುಖ ಮಾಡಿ ತಿಂದೆವು.

ಮೈದಾನ ಮುಟ್ಟಿದೊಡನೆ ಪೆಟ್ಟಿಗೆ ಹೊತ್ತು ಟ್ರೇನರ್ ಬಳಿ ಓಡಿದೆ. ಎತ್ತರದ, ಕಡಿಮೆ ಮಾತಿನ ಹೆಂಗಸು. ಟೀ ಶರ್ಟ್ ಒಂದನ್ನು ಬಿಡಿಸಿ ಹಿಡಿದಳು. ಅದರೊಳಗೆ ಇಬ್ಬರು ಆಟಗಾರ್ತಿಯರು ಸಂಸಾರ ಹೂಡಬಹುದಿತ್ತು.

"ಚೆನ್ನಾಗಿದೆ" ಎಂದಳು. "ಆದರೆ ಬೇಕಾಗಿಲ್ಲ. ಮೇಘಾ ಬೆಳಿಗ್ಗೆಯೇ ಕಾರಿನಿಂದ ಎಲ್ಲ ಬರೆದಿದ್ದಳು. ಈ ಊರಿನವರಿಗೆ ಫೋನ್ ಮಾಡಿದೆ. ಅವರ ಎರಡನೇ ಸೆಟ್ ನಮಗೆ ಕೊಟ್ಟಿದ್ದಾರೆ."

ಒಂದು ಫೋನ್!

"ಹಾಗಾದರೆ ಅವಳು... ಬೆಂಚು..." ಎಂದು ತೊದಲಿದೆ.

"ಬೆಂಚು ಯಾಕೆ? ಲೇನಾ ಮೈದಾನಕ್ಕೆ ಬಂದ ಮೇಲೆ ಹೇಳಿದಳು. ಇವಳು ಮೊದಲೇ ಹೇಳಿದಳು." ಆಮೇಲೆ ದನಿ ತಗ್ಗಿಸಿ, "ಅಂದಹಾಗೆ, ಎದುರು ತಂಡದ ಬಣ್ಣ ಹಳದಿ" ಎಂದಳು.

ಮೇಘಾ ನೀಲಿ ಜೆರ್ಸಿ ತೊಟ್ಟು ಕಣಕ್ಕಿಳಿದಳು. ಎಂಥ ಆಟ! ಎಡಮೂಲೆಯಲ್ಲಿ ಗೋಡೆಯಂತೆ ನಿಂತಳು. ಒಮ್ಮೆ ಗೋಲಿನ ಗೆರೆಯಿಂದಲೇ ಚೆಂಡನ್ನು ಒದ್ದು ಹೊರಗಟ್ಟಿದಳು. ಸುಮಾ ನನ್ನ ಮೇಲಿನ ಸಿಟ್ಟು ಮರೆತು ನನ್ನ ತೋಳನ್ನೇ ಚಿವುಟಿದಳು. ಆದರೂ ಮೂರು–ಒಂದರಲ್ಲಿ ಸೋತರು. ಹಳದಿ ಕಡೆಯವರು ಗೋಲು ಹೊಡೆದಾಗಲೆಲ್ಲ ಅವರ ಬೆಂಬಲಿಗರು ಓಡಿಬಂದು ನನ್ನನ್ನು ತಬ್ಬಿಕೊಂಡು ಬೆನ್ನು ತಟ್ಟಿದರು. ಬಿಡಿಸಿಕೊಳ್ಳಲು ನನಗೆ ಮುಖವಿರಲಿಲ್ಲ. ಮಗಳು ದೂರದಿಂದ ಅದನ್ನೂ ನೋಡಿದಳು.

ಪಂದ್ಯ ಮುಗಿದ ಮೇಲೆ ಅವಳು ಬೆವರಿನ ಮುಖದಲ್ಲೇ ಬಂದಳು. "ಅಪ್ಪಾ, ನೆಕ್ಸ್ಟ್ ಮ್ಯಾಚ್‌ಗೂ ನಾನೇ ಅಂತೆ! ನೀನೂ ಬಾ. ಆದ್ರೆ ಕೈ ಬೀಸ್ಕೊಂಡು ಬಾ. ಪ್ಲೀಸ್."

ಮತ್ತೆ 'ಅಪ್ಪಾ' ಎಂದಳಲ್ಲ, ನನಗೆ ಅಷ್ಟೇ ಸಾಕಿತ್ತು. ಆದರೆ ಎರವಲು ಜೆರ್ಸಿಯನ್ನು ಒಗೆದು ಹಿಂತಿರುಗಿಸುವುದು ಮರ್ಯಾದೆ. ಸರದಿ ಇನ್ನೂ ನಮ್ಮ ಮನೆಯದೇ. ಈ ಬಗ್ಗೆ ನಮ್ಮ ಕುಟುಂಬದಲ್ಲಿ ಚರ್ಚೆ ನಡೆಯಲಿಲ್ಲ. ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು.

ಶುಕ್ರವಾರ ತಾಯಿ–ಮಗಳು ಹೂವಿನ ದ್ವೀಪಕ್ಕೆ ದೋಣಿ ಹತ್ತಿದರು. ನಾನು ಕೊನ್‌ಸ್ಟಾಂಜ್‌ನ ಒಂದು ಸಾರ್ವಜನಿಕ ಲಾಂಡ್ರಿಯಲ್ಲಿ, ಮಷೀನಿನ ದುಂಡು ಗಾಜಿನ ಮುಂದೆ ಕೂತು ನೀರು ನೋಡಿದೆ. ಅಲೆಗಳಿದ್ದವು. ನೊರೆಯೂ ಇತ್ತು. ಹಳೆಬಟ್ಟೆ ಪೆಟ್ಟಿಗೆಯ ಬೀಗದವರು ಕೊನೆಗೂ ಫೋನಿಗೆ ಸಿಕ್ಕಿ, ಸೋಮವಾರ ಚೀಲ ಹುಡುಕಿಕೊಡುತ್ತೇವೆ ಎಂದರು. ಅಂಥ ಇಸ್ತ್ರಿಯ ಬಟ್ಟೆ ಬೇಗ ಸಿಗುತ್ತದಂತೆ.

ಅಷ್ಟರಲ್ಲಿ ಸರೋವರ ಸುತ್ತಲು ಬಂದ ಸೈಕಲ್ ಪ್ರವಾಸಿಯೊಬ್ಬರು ಒಳಗೆ ಬಂದರು. ನಾನು ಜೆರ್ಸಿಗಳನ್ನು ಒಂದೊಂದಾಗಿ ಮಡಿಸುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿದರು.

"ನೀವು ಇಲ್ಲೇ ಕೆಲಸ ಮಾಡುವವರಾ?"

"ಇವತ್ತೊಂದು ದಿನ" ಎಂದೆ.

ಅವರಿಗೆ ಬಹಳ ಸಂತೋಷವಾಯಿತು. ತಮ್ಮ ಬಟ್ಟೆಯ ಚೀಲವನ್ನು ನನ್ನ ಕೈಗಿಟ್ಟು, "ಸ್ವಲ್ಪ ನೋಡಿಕೊಳ್ಳಿ, ಕಾಫಿ ಕುಡಿದು ಬರುತ್ತೇನೆ" ಎಂದು ಹೋದರು. ಇಡೀ ಜರ್ಮನಿಯಲ್ಲಿ ಬಟ್ಟೆಯ ಚೀಲವನ್ನು ನಂಬಿ ನನಗೊಪ್ಪಿಸಿದ ಮನುಷ್ಯ ಅವರೊಬ್ಬರೇ. ಪಾಪ, ಊರಿಗೆ ಹೊಸಬರು.