ಎಷ್ಟರಲ್ಲಿ ಸೋತ್ರಿ?

ಗೆಲ್ಲೋ ಟೀಮಿನ ಅಭಿಮಾನಿಗೆ ಹೇಳಿಕೊಳ್ಳೋಕೆ ಇರೋದು ಒಂದೇ ಮಾತು, ಗೆದ್ವಿ ಅಂತ. ಸೋಲೋ ಟೀಮಿನ ಹಿಂದೆ ಬಿದ್ದವನಿಗೆ ಹಾಗಲ್ಲ. ವಾರಕ್ಕೊಂದು ಪ್ರಸಂಗ ತಾನಾಗೇ ಮನೆ ಬಾಗಿಲು ಹುಡುಕಿಕೊಂಡು ಬರುತ್ತೆ. ಅಂಥ ಒಂದು ವರ್ಷ ನಾನು ಪೂರ್ತಿ ಅನುಭವಿಸಿದೀನಿ.

ಜಯನಗರ ಆಗಿನ್ನೂ ಹೊಸದು. ಸೈಟುಗಳ ಮಧ್ಯೆ ಅಲ್ಲಲ್ಲಿ ರಾಗಿ ಹೊಲ ಉಳ್ಕೊಂಡಿತ್ತು, ಸಂಜೆ ಆದ್ರೆ ಪಕ್ಕದ ಸಾರಕ್ಕಿ ಹಳ್ಳಿಯ ಎಮ್ಮೆಗಳು ನಮ್ಮ ರಸ್ತೇಲೇ ವಾಪಸ್ ಹೋಗ್ತಿದ್ವು. ನಾನು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಒಂದು ಖಾಲಿ ಜಾಗದಲ್ಲಿ ಬಡಾವಣೆಯ ಕೆಲವರು ಎರಡು ಕಂಬ ನೆಟ್ಟು, ಹಲಗೆ ಹೊಡೆದು, ಸುಣ್ಣದಲ್ಲಿ ಗೆರೆ ಎಳೆದು ಬ್ಯಾಸ್ಕೆಟ್‌ಬಾಲ್ ಟೀಮು ಕಟ್ಟಿದ್ರು. ಒಬ್ಬ ಬ್ಯಾಂಕಿನವನು, ಇಬ್ಬರು ಫ್ಯಾಕ್ಟರಿಯವರು, ಹೀಗೆ ಎಲ್ಲಾ ಕೆಲಸದಲ್ಲಿರೋರೇ. ಭಾನುವಾರ ಸಂಜೆ ಬೇರೆ ಬಡಾವಣೆಯವರ ಜೊತೆ ಮ್ಯಾಚು. ನಾನು ಸುಮ್ಮನೆ ವಾಕಿಂಗ್ ಹೋದವನು ನಿಂತು ನೋಡಿದೆ. ಮೊದಲ ಎರಡು ಮ್ಯಾಚು ಗೆದ್ದುಬಿಟ್ರು. ಅದೇ ನನಗೆ ಆದ ಅನಾಹುತ. ಆಮೇಲೆ ಬಿಡೋಕೆ ಆಗಲಿಲ್ಲ.

ಹೆಡ್ ಕ್ಲಾರ್ಕು ಕೇಳೋ ರೀತಿ

ಮೂರನೇ ಮ್ಯಾಚಿಂದ ಸೋಲೋಕೆ ಶುರು ಮಾಡಿದ್ರು. ಸೋಮವಾರ ಆಫೀಸಿಗೆ ಹೋದ ತಕ್ಷಣ ನಮ್ಮ ಹೆಡ್ ಕ್ಲಾರ್ಕು ಕನ್ನಡಕದ ಮೇಲಿಂದ ನೋಡಿ, ಗೆದ್ರೇನಯ್ಯ ಅಂತ ಕೇಳೋರು. ನಾಲ್ಕು ಸಲ ಇಲ್ಲ ಸಾರ್ ಅಂದೆ. ಐದನೇ ಸೋಮವಾರ ಅವರ ಪ್ರಶ್ನೆ ಚಿಕ್ಕದಾಯ್ತು.

"ಎಷ್ಟರಲ್ಲಿ?"

ಅಷ್ಟೇ. ಸೋತ್ರಾ ಅಂತ ಕೇಳೋ ಶ್ರಮ ಕೂಡ ತಗೊಳ್ಳಲಿಲ್ಲ. ಅದು ಹೇಗೆ ಹರಡ್ತೋ ಗೊತ್ತಿಲ್ಲ, ಹಾಲಿನವನು, ಹೂವಿನವಳು, ಪಕ್ಕದ ಮನೆಯವರು, ಎಲ್ಲರ ಬಾಯಲ್ಲೂ ಅದೇ ಒಂದು ಮಾತು. ಎಷ್ಟರಲ್ಲಿ? ಎಂಟರಲ್ಲಿ. ಎಷ್ಟರಲ್ಲಿ? ಹದಿಮೂರರಲ್ಲಿ. ತರಕಾರಿ ರೇಟು ಹೇಳೋ ಹಾಗೆ ಹೇಳಿಕೊಂಡು ಓಡಾಡ್ತಿದ್ದೆ.

ಒಂದು ಭಾನುವಾರ ಜೋರು ಮಳೆ. ಅಂಗಳವೆಲ್ಲ ಕೆಸರಾಗಿ ಮ್ಯಾಚು ನಡೀಲೇ ಇಲ್ಲ. ಮಾರನೇ ದಿನ ನಾನು ಎದೆ ಉಬ್ಬಿಸಿ ಆಫೀಸಿಗೆ ಹೋದೆ. ಹೆಡ್ ಕ್ಲಾರ್ಕು ಕೇಳಿದ್ರು, ಎಷ್ಟರಲ್ಲಿ ಅಂತ. ಮಳೆ ಬಂದು ಮ್ಯಾಚು ನಿಂತುಹೋಯ್ತು ಸಾರ್ ಅಂದೆ. ಅವರು ಪೆನ್ನು ಕೆಳಗಿಟ್ಟು ಸಂತೋಷದಿಂದ ತಲೆ ಆಡಿಸಿದ್ರು.

"ಈ ವರ್ಷ ನಿಮ್ಮೋರು ಆಡಿರೋದ್ರಲ್ಲಿ ಇದೇ ಒಳ್ಳೇ ಆಟ ಕಣಯ್ಯ."

ಬಾಯಿ ತಪ್ಪಿ ಬಂದ ಹರಕೆ

ಆರನೇ ಸೋಲು ನನ್ನ ಹೊಟ್ಟೆ ಉರಿಸಿದ ಸೋಲು. ಕೊನೇವರೆಗೂ ನಾವೇ ಮುಂದಿದ್ವಿ. ಅರ್ಧ ಆಟ ಆದ ಮೇಲೆ ಎರಡು ಟೀಮೂ ಕಡೆ ಬದಲಾಯಿಸ್ತಾರೆ, ಬುಟ್ಟಿಯೂ ಬದಲಾಗುತ್ತೆ. ನಮ್ಮ ಟೀಮಿನಲ್ಲಿ ಆರಡಿ ಮೇಲೆ ಇದ್ದ ಒಬ್ಬ ಉದ್ದನೆಯವನು ಅದನ್ನ ಮರೆತುಬಿಟ್ಟ. ಕೊನೇ ನಿಮಿಷದಲ್ಲಿ ಚೆಂಡು ಸಿಕ್ಕಿದ್ದೇ ತಡ, ಒಬ್ಬನೇ ಓಡಿಹೋಗಿ ನಮ್ಮ ಬುಟ್ಟಿಗೇ ಹಾಕಿ ಕೈ ಎತ್ತಿ ನಿಂತ. ಅವತ್ತು ಅವನು ಗುರಿ ತಪ್ಪದೆ ಹಾಕಿದ್ದು ಅದೊಂದೇ.

ನಾನು ಎದ್ದು ನಿಂತು, ಸುತ್ತ ಇದ್ದ ಐವತ್ತು ಜನಕ್ಕೆ ಕೇಳೋ ಹಾಗೆ, ಇವರು ಗೆಲ್ಲೋವರೆಗೂ ನಾನು ಕಾಫಿ ಮುಟ್ಟಲ್ಲ ಅಂದುಬಿಟ್ಟೆ. ಕೋಪದಲ್ಲೂ ನನಗೆ ಸ್ವಲ್ಪ ಲೆಕ್ಕಾಚಾರ ಇತ್ತು ಅನ್ನಿ. ಮುಂದಿನ ವಾರ ನಮ್ಮ ಎದುರು ಆಡಬೇಕಾಗಿದ್ದದ್ದು ಮೇಷ್ಟ್ರುಗಳ ಟೀಮು. ಇಬ್ಬರಿಗೆ ಕನ್ನಡಕ, ಒಬ್ಬರಿಗೆ ಮಂಡಿನೋವು. ಒಂದು ವಾರ ಕಾಫಿ ಬಿಟ್ರೆ ಸಾಯ್ತೀನಾ ಅಂದ್ಕೊಂಡೆ.

ನಾನು ಮನೆ ಸೇರೋ ಹೊತ್ತಿಗೆ ಸುದ್ದಿ ನನಗಿಂತ ಮೊದಲೇ ಸೇರಿತ್ತು. ನನ್ನ ಹೆಂಡತಿ ಒಂದು ಕಾಸನ್ನ ಅರಿಶಿನದ ಬಟ್ಟೇಲಿ ಗಂಟು ಹಾಕಿ, ನಮ್ಮನೆಯವರ ಕಡೆಯವರು ಗೆಲ್ಲಲಿ ತಾಯೀ ಅಂತ ಬನಶಂಕರಿ ಅಮ್ಮನ ಪಟದ ಮುಂದೆ ಮುಡಿಪು ಕಟ್ಟಿ ಇಟ್ಟಾಗಿತ್ತು. ಮಾತು ಹರಕೆ ಆಗಿಬಿಟ್ಟಿತ್ತು. ಕೋಪದಲ್ಲಿ ಆಡಿದ ಮಾತು ಕಣೆ, ಬಿಡು ಅಂದೆ.

"ಕೋಪದ್ದು ಯಾವುದು, ಭಕ್ತಿದು ಯಾವುದು ಅಂತ ಅಮ್ಮ ವಿಂಗಡಿಸ್ತಾ ಕೂರ್ತಾಳಾ? ಆಡಿದ್ದು ಆಡಿದ್ದೇ" ಅಂದ್ಲು.

ಮೇಷ್ಟ್ರುಗಳು ನಮ್ಮನ್ನ ಹನ್ನೆರಡರಲ್ಲಿ ಸೋಲಿಸಿದ್ರು. ಅತಿ ಹೆಚ್ಚು ಪಾಯಿಂಟು ಹಾಕಿದ್ದು ಮಂಡಿನೋವಿನವರು.

ಅವತ್ತಿಂದ ನನಗೆ ಬೆಳಿಗ್ಗೆ ಜೀರಿಗೆ ಕಷಾಯ. ತಲೆನೋವು ಅಂದ್ರೆ ಅಂಥಿಂಥ ತಲೆನೋವಲ್ಲ. ಹೆಂಡತಿ ಪಾಪ ಒಳ್ಳೆಯವಳು, ನನ್ನ ಕಣ್ಣಿಗೆ ಕಾಣಬಾರದು ಅಂತ ಹಿತ್ತಲಲ್ಲಿ ಕೂತು ಕಾಫಿ ಕುಡೀತಿದ್ಲು. ಸೊರ್ ಅನ್ನೋ ಸದ್ದು ಮಾತ್ರ ಒಳಗೆ ಕೇಳಿಸ್ತಿತ್ತು.

ತಳ ಇಲ್ಲದ ಬುಟ್ಟಿ

ನಮ್ಮ ಮನೆ ಓನರು ಸಾರಕ್ಕಿಯ ಗೌಡರು. ಬಡಾವಣೆಗೆ ಜಮೀನು ಹೋದ ಮೇಲೆ ಎರಡು ಮನೆ ಕಟ್ಟಿಸಿ ಒಂದರಲ್ಲಿ ನಮ್ಮನ್ನ ಇಟ್ಟಿದ್ರು. ಕಾಫಿ ಇಲ್ಲದೆ ನಾನು ಸೊರಗಿದ್ದು ನೋಡಿ ಅವರಿಗೆ ಕರುಳು ಚುರ್ ಅಂತು. ಅದೇನು ಆಟ ಅಂತ ನಾನೂ ನೋಡ್ತೀನಿ ನಡೀರಿ ಸ್ವಾಮಿ ಅಂತ ಒಂದು ಭಾನುವಾರ ರುಮಾಲು ಸುತ್ತಿ ನನ್ನ ಜೊತೆ ಬಂದ್ರು. ಮ್ಯಾಚು ಮುಗಿಯೋವರೆಗೂ ಬುಟ್ಟಿಯನ್ನೇ ನೋಡ್ತಾ ಕೂತ್ರು. ವಾಪಸ್ ಬರೋವಾಗ ದಾರೀಲಿ ನಿಂತು ಮೆಲ್ಲಗೆ ಹೇಳಿದ್ರು, ಆ ಬುಟ್ಟಿಗೆ ತಳ ಇಲ್ಲ, ಹಾಕಿದ್ದೆಲ್ಲ ಕೆಳಗೆ ಬಿದ್ದೋಗ್ತದೆ, ಆಮೇಲೆ ಗೆಲ್ಲು ಅಂದ್ರೆ ಹೆಂಗೆ ಗೆದ್ದಾರು ಅಂತ.

ಆಟ ಇರೋದೇ ಹಾಗೆ ಗೌಡ್ರೇ, ಬಿದ್ರೇ ಪಾಯಿಂಟು ಅಂತ ವಿವರಿಸಿದೆ. ಜ್ವರ ಬಂದವನ ಮಾತು ಕೇಳೋ ಹಾಗೆ ಹೂಂ ಹೂಂ ಅಂತ ಕೇಳಿಸ್ಕೊಂಡ್ರು.

ಮುಂದಿನ ಭಾನುವಾರ ಆಟ ಶುರುವಾಯ್ತು. ನಮ್ಮ ಕ್ಯಾಪ್ಟನ್ನು, ಬ್ಯಾಂಕಿನವನು, ದೂರದಿಂದ ಬಲು ಚೆನ್ನಾಗಿ ಗುರಿ ಇಟ್ಟು ಹಾಕಿದ. ಚೆಂಡು ರಿಂಗಿನೊಳಗೆ ಹೋಯ್ತು, ಕೆಳಗೆ ಬರಲಿಲ್ಲ. ಬಲೆಯೊಳಗೆ ಕೂತುಬಿಡ್ತು. ರೆಫರಿ ಸೀಟಿ ಊದೋದೂ ಮರೆತು ಮೇಲೆ ನೋಡ್ತಾ ನಿಂತ. ವಿಚಾರ ಏನಂದ್ರೆ, ಬೆಳಿಗ್ಗೆ ಯಾರೂ ಇಲ್ಲದಾಗ ಗೌಡರು ಏಣಿ ತರಿಸಿ, ಮೂಟೆ ಹೊಲಿಯೋ ದಬ್ಬಳದಲ್ಲಿ ಸುತಲಿ ದಾರ ಹಾಕಿ ಬಲೆಯ ತಳ ಗಟ್ಟಿಯಾಗಿ ಹೊಲಿಸಿದ್ರು. ಜನರ ಮಧ್ಯೆ ಅವರೊಬ್ಬರೇ ಎದ್ದು ಚಪ್ಪಾಳೆ ತಟ್ಟಿದ್ರು.

ಏಣಿ ಮತ್ತೆ ಬಂತು. ಹೊಲಿಗೆ ಬಿಚ್ಚೋಕೆ ಕಾಲು ಗಂಟೆ ಹಿಡೀತು, ಅಷ್ಟು ಭದ್ರವಾದ ಕೆಲಸ. ಆಮೇಲೆ ಆಟ ಮುಂದುವರಿದು ಒಂಬತ್ತರಲ್ಲಿ ಸೋತ್ವಿ. ಮನೆಗೆ ಬರೋವಾಗ ಗೌಡರು ನನಗಿಂತ ಹೆಚ್ಚು ಬೇಜಾರಾಗಿದ್ರು.

"ನಿಮ್ಮೋರು ಹಾಕಿದ್ರಲ್ಲಿ ನಿಂತಿದ್ದು ಅದೊಂದೇ ಸ್ವಾಮಿ. ಅದನ್ನೂ ಕಿತ್ತಾಕಿಸಿದ್ರಿ."

ಇನ್ನು ಆ ಆಟದ ಕಡೆ ತಲೆ ಹಾಕಲ್ಲ ಅಂದ್ರು. ಹಾಕಲೂ ಇಲ್ಲ.

ದೃಷ್ಟಿ

ಒಂಬತ್ತು ಸೋಲಾದ ಮೇಲೆ ಹೆಂಡತಿ, ಯಾರದೋ ಕಣ್ಣು ಬಿದ್ದಿದೆ ರೀ, ಒಂದು ಬೂದುಗುಂಬಳಕಾಯಿ ಒಡೆಸಿ ಅಂದ್ಲು. ಕಾಯಿ ಹೊತ್ಕೊಂಡು ಮೂಲೆ ಗುಡಿಯ ಪೂಜಾರಿಗಳ ಹತ್ತಿರ ಹೋದೆ. ಟೀಮಿಗೆ ದೃಷ್ಟಿ ತೆಗೀಬೇಕು ಅಂದೆ. ಯಾವ ಟೀಮು ಅಂತ ಕೇಳಿದ್ರು. ಹೇಳಿದೆ. ಅವರು ಕಾಯಿ ನನ್ನ ಕೈಗೇ ವಾಪಸ್ ಕೊಟ್ರು.

"ದೃಷ್ಟಿ ತಾಗೋದು ಗೆಲ್ಲೋರಿಗೆ. ನಿಮ್ಮೋರನ್ನ ನೋಡಿ ಹೊಟ್ಟೆಕಿಚ್ಚು ಪಡೋನು ಯಾವನಿದಾನೆ ಹೇಳಿ?"

ಮೂರು ದಿನ ನಮ್ಮನೇಲಿ ಕುಂಬಳಕಾಯಿ ಮಜ್ಜಿಗೆಹುಳಿ.

ಕಾಲ್ಗುಣ

ಕೊನೇ ಮ್ಯಾಚಿಗೆ ಒಂದು ದಿನ ಇರೋವಾಗ ಕ್ಯಾಪ್ಟನ್ನೂ ಆ ಉದ್ದನೆಯವನೂ ನಮ್ಮ ಮನೆಗೆ ಬಂದ್ರು. ಇದು ಸೋತ್ರೆ ಮತ್ತೆ ಆಟ ಶುರುವಾಗೋದು ಮುಂದಿನ ಯುಗಾದಿ ಕಳೆದ ಮೇಲೆ. ಅಂದ್ರೆ ನನಗೆ ಅಲ್ಲಿವರೆಗೂ ಜೀರಿಗೆ ಕಷಾಯವೇ ಗತಿ. ಹೆಂಡತಿ ಬಂದವರಿಗೆ ಕಾಫಿ ತಂದುಕೊಟ್ಲು, ನನ್ನ ಮುಂದೆ ಕಷಾಯ ಇಟ್ಲು. ಅವರು ಕುಡಿಯೋದನ್ನ ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡ್ತಾ ಕೂತೆ.

ಕ್ಯಾಪ್ಟನ್ನು ತುಂಬ ಮರ್ಯಾದಸ್ಥ. ಲೋಟ ಕೆಳಗಿಟ್ಟು ಶುರು ಮಾಡಿದ.

"ತಪ್ಪು ತಿಳ್ಕೋಬೇಡಿ ಸಾರ್. ನೀವು ಬಂದ ಮ್ಯಾಚೆಲ್ಲ ನಾವು ಸೋತಿದೀವಿ."

"ನಾನು ಎಲ್ಲಾ ಮ್ಯಾಚಿಗೂ ಬಂದಿದೀನಲ್ಲಪ್ಪ."

"ಅದೇ ಸಾರ್, ನಾವೂ ಹೇಳ್ತಿರೋದು."

ಮೊದಲ ಎರಡು ಗೆದ್ದಾಗಲೂ ನಾನಿದ್ದೆ ಅಂತ ವಾದ ಮಾಡಿದೆ. ಆಗ ನೀವು ನಿಂತ್ಕೊಂಡು ನೋಡ್ತಿದ್ರಿ ಸಾರ್, ಬೆಂಚಿನ ಮೇಲೆ ಕೂತ ಮೇಲೇ ಶುರುವಾಗಿದ್ದು ಅಂತ ಉದ್ದನೆಯವನು ಅಂದ. ತಮ್ಮ ಬುಟ್ಟಿ ಯಾವುದು ಅಂತ ನೆನಪಿಟ್ಟುಕೊಳ್ಳದವನು ಇದನ್ನ ನೆನಪಿಟ್ಟಿದ್ದ. ಹಾಗಾದ್ರೆ ಮನೇಲೇ ಇರ್ತೀನಿ ಅಂದೆ. ಅದೂ ಆಗಲ್ವಂತೆ. ಮನೇಲಿದ್ರೂ ನನ್ನ ಮನಸ್ಸು ಅವರ ಕಡೆಗೇ ಇರುತ್ತಂತೆ. ನಾನು ಮ್ಯಾಚಿಗೆ ಬರಬೇಕು, ಎದುರು ಪಾರ್ಟಿಯವರ ಬೆಂಚಲ್ಲಿ ಕೂತ್ಕೋಬೇಕು, ಅವರು ಗೆಲ್ಲಲಿ ಅಂತ ಮನಸಾರೆ ಕೂಗಬೇಕು. ಇದು ಇಡೀ ಟೀಮು ಸೇರಿ ಮಾಡಿದ ತೀರ್ಮಾನ.

ನನಗೆ ನಿಜಕ್ಕೂ ನೋವಾಯ್ತು. ಇಷ್ಟು ವಾರ ಗಂಟಲು ಹರ್ಕೊಂಡು ಕೂಗಿದೀನಿ, ಆಫೀಸಲ್ಲಿ, ಬೀದೀಲಿ ನಗೆಪಾಟಲಾಗಿದೀನಿ, ಕೊನೆಗೆ ನನ್ನ ಕಾಲ್ಗುಣ ಸರಿ ಇಲ್ಲ ಅಂತ ನನ್ನ ಮನೇಲೇ ಕೂತು ಹೇಳ್ತಾರಲ್ಲ ಅಂತ ಕಣ್ಣಲ್ಲಿ ನೀರು ಬಂತು. ಆಗಲ್ಲ, ಪ್ರಾಣ ಹೋದ್ರೂ ಆಗಲ್ಲ ಅಂದೆ.

ಒಳಗಿಂದ ಹೆಂಡತಿ ಕೇಳಿದ್ಲು, "ಕಾಫಿ ಬೇಕೋ, ಬೇಡ್ವೋ?"

ಆ ಕಡೆ ಬೆಂಚು

ಎದುರು ಪಾರ್ಟಿಯವರು ಊರಿನ ಆಚೆ ತುದಿಯ ದಂಡು ಪ್ರದೇಶದವರು, ಬಹಳ ಸಂಭಾವಿತರು. ನಾನು ಹೋಗಿ ಪಕ್ಕ ಕೂತ್ರೆ ಜರುಗಿ ಜಾಗ ಮಾಡಿಕೊಟ್ರು. ಈ ಬಡಾವಣೇಲೂ ನಮಗೊಬ್ಬರು ಇದಾರಲ್ಲ ಅಂತ ಅವರ ಮ್ಯಾನೇಜರಿಗೆ ಸಂತೋಷ ಆಗಿ ನನಗೆ ಕಡಲೆಕಾಯಿ ಕೊಟ್ರು. ಅವರ ಕಡಲೆಕಾಯಿ ತಿಂದು ಅವರ ಮನೆ ಹಾಳು ಮಾಡೋಕೆ ಕೂತಿದೀನಲ್ಲ ಅಂತ ನಾಚಿಕೆ ಆಯ್ತು. ಆದರೂ ಕೂಗಿದೆ. ಭಲೇ, ಹಾಕಿ, ಬಿಡಬೇಡಿ ಅಂತ ಬಾಯಲ್ಲಿ ಅನ್ನೋದು, ಬೀಳದೇ ಇರ್ಲಿ ತಾಯೀ ಅಂತ ಒಳಗೆ ಅಂದ್ಕೊಳ್ಳೋದು.

ಕೊನೇ ನಿಮಿಷ. ಅವರು ಒಂದು ಪಾಯಿಂಟು ಮುಂದೆ, ಸಾಲದ್ದಕ್ಕೆ ಯಾರೂ ಅಡ್ಡ ಬರದೆ ಬುಟ್ಟಿಗೆ ಹಾಕೋ ಫ್ರೀ ಥ್ರೋ ಕೂಡ ಅವರಿಗೇ. ಅವರ ಹುಡುಗ ಗೆರೆ ಮೇಲೆ ನಿಂತು ಉಸಿರು ಎಳ್ಕೊಂಡ. ಅಂಗಳವೆಲ್ಲ ನಿಶ್ಶಬ್ದ. ನನ್ನ ಪಾಲಿನ ಕೆಲಸ ನಾನು ಮಾಡಬೇಕಲ್ಲ, ಹಿಂದಿನಿಂದ ಇದ್ದ ಶಕ್ತಿಯೆಲ್ಲ ಹಾಕಿ "ಹಾಕಪ್ಪಾ!" ಅಂತ ಕೂಗಿದೆ. ಅವನು ಬೆಚ್ಚಿಬಿದ್ದ. ಚೆಂಡು ಹಲಗೆಯನ್ನೂ ಮುಟ್ಟದೆ ಹೋಯ್ತು. ಅದು ನಮ್ಮವರ ಕೈಗೆ ಬಂದು, ಕ್ಯಾಪ್ಟನ್ನಿಂದ ಉದ್ದನೆಯವನಿಗೆ ಹೋಯ್ತು. ಅವನು ಓಡೋದು ಬಿಟ್ಟು ನಿಂತ. ಈ ಬುಟ್ಟಿ ನೋಡಿದ, ಆ ಬುಟ್ಟಿ ನೋಡಿದ. ಇಡೀ ಟೀಮು ಒಂದು ಕಡೆಗೆ ಕೈ ತೋರಿಸ್ತು. ಅಲ್ಲಿಗೆ ಓಡಿ ಹಾಕಿದ. ರೆಫರಿ ಸೀಟಿ ಊದಿದ. ಬುಟ್ಟಿಗೆ ಬಿದ್ರೆ ಎರಡು ಪಾಯಿಂಟು, ಹಾಗಾಗಿ ಒಂದು ಪಾಯಿಂಟಲ್ಲಿ ಗೆದ್ವಿ.

ನಮ್ಮವರು ಅಂಗಳದಲ್ಲಿ ಕುಣೀತಿದಾರೆ. ನಾನು ಸೋತವರ ಮಧ್ಯೆ ಕೂತಿದೀನಿ. ಅವರ ಮ್ಯಾನೇಜರು ನನ್ನ ಬೆನ್ನು ಸವರಿ, ಬೇಜಾರು ಮಾಡ್ಕೋಬೇಡಿ ಸಾರ್, ನೀವು ನಮಗೋಸ್ಕರ ಎಷ್ಟು ಕೂಗಿದ್ರಿ ಅಂತ ಸಮಾಧಾನ ಮಾಡಿದ್ರು. ಒಂಬತ್ತು ಸೋಲಾದ ಮೇಲೆ ಬಂದ ಒಂದು ಗೆಲುವು, ಅದನ್ನೂ ಮುಖ ಜೋಲು ಹಾಕ್ಕೊಂಡೇ ಅನುಭವಿಸಿದೆ.

ಮನೆಗೆ ಓಡಿ ಬಂದೆ ಅಂತಲೇ ಹೇಳಬೇಕು. ಗೇಟಿನ ಹತ್ತಿರ ಗೌಡರು ನಿಂತಿದ್ರು. ಎಷ್ಟರಲ್ಲಿ ಸ್ವಾಮಿ ಅಂದ್ರು. ಒಂದರಲ್ಲಿ ಅಂದೆ. ಒಂದೇನಾ, ಪರವಾಗಿಲ್ಲ ಬಿಡಿ, ಬರ್ತಾ ಬರ್ತಾ ದಾರಿಗೆ ಬರ್ತಾವ್ರೆ ಅಂತ ಹೇಳಿ ನಾನು ಬಾಯಿ ಬಿಡೋದ್ರೊಳಗೆ ಎಮ್ಮೆ ಹಾಲು ಕರೆಯೋಕೆ ಹೋದ್ರು.

ಒಳಗೆ ಹೋದೆ. ಹೆಂಡತಿ ಒಲೆ ಮುಂದಿದ್ಲು. ತಿರುಗಿ ನೋಡದೆ ಕೇಳಿದ್ಲು, "ಎಷ್ಟರಲ್ಲಿ?"

"ಒಂದರಲ್ಲಿ."

ಅಯ್ಯೋ ಪಾಪ ಅಂತ ಜೀರಿಗೆ ಡಬ್ಬಿಗೆ ಕೈ ಹಾಕಿದ್ಲು.

"ಕಷಾಯ ಬೇಡ ಕಣೆ. ನಾವು ಗೆದ್ವಿ."

ಅವಳ ಕೈ ಹಾಗೇ ನಿಂತಿತು. ನನ್ನನ್ನ ಒಂದು ಸಲ, ದೇವರ ಪಟದ ಮುಂದಿನ ಅರಿಶಿನದ ಗಂಟನ್ನ ಒಂದು ಸಲ ನೋಡಿದ್ಲು.

"ನಾವು ಅಂದ್ರೆ ಯಾರು? ನಾನು ಮುಡಿಪು ಕಟ್ಟಿರೋದು ನಿಮ್ಮ ಕಡೆಯೋರು ಗೆಲ್ಲಲಿ ಅಂತ. ಇವತ್ತು ನೀವು ಯಾರ ಕಡೆ ಅಂತ ಮೊದಲು ಅಮ್ಮನ ಮುಂದೆ ನಿಂತು ಸರಿಯಾಗಿ ಹೇಳಿ. ಆಮೇಲೆ ಡಿಕಾಕ್ಷನ್ ಹಾಕ್ತೀನಿ."