ವಿಡಿಯೋದೊಳಗಿನ ಮಾಸ್ತರ

ತನ್ನ ಮಾತನ್ನು ತಾನೇ ಕೇಳಿ ಖುಷಿಪಡುವ ಚಟ ಮಾಸ್ತರರಿಗೆಲ್ಲ ಇದ್ದದ್ದೇ. ನನಗೆ ತುಸು ಹೆಚ್ಚು. ಹಾಗಾಗಿ, ಕಾಲುವೆ ದಂಡೆಯ ನಮ್ಮ ಶಾಲೆಗೆ ದೊಡ್ಡ ಟಿವಿ ಬಂದದ್ದೇ ತಡ, ಆರನೇ ತರಗತಿಯ ವಿಜ್ಞಾನಕ್ಕೆ ನಾನೇ ವಿಡಿಯೋ ಮಾಡಲು ಹೊರಟೆ. ಒಂದು ಭಾನುವಾರ ಶಹಾಪುರದಿಂದ ಹೆಂಡತಿಯನ್ನು ಆಟೊದಲ್ಲಿ ಕರೆತಂದು, ಅವಳ ಕೈಗೆ ಮೊಬೈಲ್ ಕೊಟ್ಟು, ಇಸ್ತ್ರಿ ಅಂಗಿಯಲ್ಲಿ ಗದ್ದೆಗಿಳಿದೆ. ಕೆಸರು ಒಂದು ಚಪ್ಪಲಿಯನ್ನು ನುಂಗಿತು. ಭತ್ತದ ಸಸಿ ಕಿತ್ತು ಹಿಡಿದು ಪಾಠ ಶುರುಮಾಡಿದರೆ ಅವಳು, “ಹೊಟ್ಟಿ ಒಂದೀಟು ಒಳಗ ಎಳಕೋರಿ, ಫೋನಿನ್ಯಾಗ ಹಿಡಸವಲ್ದು” ಎಂದಳು.

ಟಿವಿಯಲ್ಲಿ ನನ್ನನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಅಲ್ಲಿ ವಿಡಿಯೋದ ಮಾಸ್ತರ ಪಾಠ ಹೇಳುತ್ತಿದ್ದರೆ ಇಲ್ಲಿ ನಾನು ಕುರ್ಚಿಯಲ್ಲಿ ಕೂತು ಹಾಜರಿ ತುಂಬಿದೆ. ಆಗ ಶರಣಮ್ಮ ಕೈ ಎತ್ತಿದಳು. ನಾಟಿ ಕೂಲಿಗೆ ಹೋಗುವ ತಾಯಿಯ ಮಗಳು. ಒಂದು ಪಾಠಕ್ಕೆ ಹತ್ತು ಸಲ ಎದ್ದು ನಿಲ್ಲುವವಳು. “ಸರ್, ಬೇರು ನೀರು...” “ಶ್! ಸುಮ್ನ ಕುಂತು ನೋಡು. ಪಾಠ ನಡದೈತಿ.” “ಅದರಾಗ ಮಾತಾಡಾಕತ್ತವ್ರು ನೀವ ಅಲ್ರಿ ಸರ್? ನಿಮ್ಮನ್ನ ಕೇಳಬಾರದೇನ್ರಿ?” ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. ಒಂದು ಗುಂಡಿ ಒತ್ತಿದ್ದರೆ ವಿಡಿಯೋ ನಿಲ್ಲುತ್ತಿತ್ತು, ಒತ್ತಲಿಲ್ಲ. ಮರುದಿನ ಅದನ್ನೇ ಹಾಕಿದಾಗ ಅವಳ ಕೈ ಅರ್ಧ ಎದ್ದು ಇಳಿಯಿತು. ಮೂರನೇ ದಿನ ಏಳಲೇ ಇಲ್ಲ. ಹುಡುಗಿಗೆ ಶಿಸ್ತು ಬಂತೆಂದು ಹಿಗ್ಗಿದೆ.

ಕಿರುಪರೀಕ್ಷೆಯಲ್ಲಿ ಇಡೀ ತರಗತಿ ಒಂದೇ ಉತ್ತರ ಬರೆದಿತ್ತು: ಎಲೆ ನೀರು ಹೀರುತ್ತದೆ, ಬೇರು ಆಹಾರ ತಯಾರಿಸುತ್ತದೆ. ನಕಲು ಹೊಡೆದಿದ್ದಾರೆಂದು ಕೂಗಾಡಿದೆ. ಮಕ್ಕಳು ಟಿವಿಯತ್ತ ಬೆರಳು ತೋರಿಸಿದರು. ಹಾಕಿ ನೋಡಿದರೆ, ಹೊಟ್ಟೆ ಎಳೆದುಕೊಳ್ಳುವ ಗಡಿಬಿಡಿಯಲ್ಲಿ ನಾನೇ ಬೇರಿನ ಕೆಲಸವನ್ನು ಎಲೆಗೂ ಎಲೆಯದನ್ನು ಬೇರಿಗೂ ವರ್ಗ ಮಾಡಿಬಿಟ್ಟಿದ್ದೆ!

ಶರಣಮ್ಮನನ್ನು ಕರೆದೆ. “ನಿನಗ ಗೊತ್ತಿತ್ತಲ್ಲವ್ವಾ, ಯಾಕ ಹಿಂಗ ಬರದಿ?” ಅವಳು ನೆಲ ನೋಡುತ್ತ, “ಗೊತ್ತಿತ್ರಿ. ಆದ್ರ ನೀವು ಮೂರು ದಿನಾನೂ ಅದನ್ನ ಹೇಳಿದ್ರಿ. ನಂದ ತಪ್ಪಿರಬೇಕು ಅನಕೊಂಡೆ” ಎಂದಳು.

ಎಲ್ಲರಿಗೂ ಅಂಕ ಕೊಟ್ಟೆ. ವಿಡಿಯೋ ಅಳಿಸಿ, ತಪ್ಪು ನನ್ನದೆಂದು ತರಗತಿಯೆದುರು ಹೇಳಿದೆ. ಉಳಿದವರು ಮರೆತರು, ಶರಣಮ್ಮ ಮಾತ್ರ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಈಗ ಬೇಕೆಂದೇ ಹಲಗೆಯ ಮೇಲೆ ಏನಾದರೂ ತಪ್ಪು ಬರೆದು, ಅವಳ ಕೈ ಏಳಲೆಂದು ಕಾಯುತ್ತೇನೆ. ನಿನ್ನೆ, ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಎಂದು ಬರೆದೆ. ಅವಳು ಹಲಗೆ ನೋಡಿದಳು, ಕಿಟಕಿಯಾಚೆ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, ದುಂಡನೆಯ ಅಕ್ಷರದಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡಳು.